ಟೇಪಿನಲ್ಲಿ ಉಕ್ಕಿದ ಹಾಲು

ನನ್ನ ಓರಗಿತ್ತಿಯನ್ನು ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಮರೆಗುಳಿ ಎಂದರೆ ಅವಳು, ಅವಳೆಂದರೆ ಮರೆಗುಳಿ. ಆ ಹೆಸರು ಇಟ್ಟವರು ನಮ್ಮ ಅತ್ತೆ. ನನ್ನ ಮೈದುನನನ್ನು ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಒಂದು ಬೆಳಗ್ಗೆ ಸೋಪು ತರಲು ಅಂಗಡಿಗೆ ಹೊರಟವಳು, ಕೈಗೆ ಸಿಕ್ಕ ಬಾಗಿಲಿಗೆಲ್ಲ ಹೊರಗಿನಿಂದ ಚಿಲಕ ಹಾಕುತ್ತ ಹೋದಳು. ಅದರಲ್ಲಿ ಬಚ್ಚಲಮನೆಯ ಬಾಗಿಲೂ ಒಂದು. ಒಳಗೆ ಅತ್ತೆ ಮೈಗೆ ನೀರು ಹುಯ್ದುಕೊಂಡು ಅದೇ ಸೋಪಿಗಾಗಿ ಕಾಯುತ್ತಿದ್ದರು. ಅಂಗಡಿಗೆ ಹೋದವಳು ತಾನು ಯಾಕೆ ಬಂದೆ ಎನ್ನುವುದನ್ನೇ ಮರೆತು, ಅಂಗಡಿಯಾಕೆಯ ಜೊತೆ ಮಾತಿಗೆ ಕುಳಿತಳು. ನಾನು ಮೇಲೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ.

ಅತ್ತೆಯ ಕಂಠದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಳು ನೋಡಿದರೆ ಒಂದು ಹಿಡಿ, ಬಾಯಿ ತೆಗೆದರೆ ಬೀದಿಯ ಆ ತುದಿಯಲ್ಲಿ ಹೋಗುವವನೂ ತನ್ನನ್ನೇ ಕರೆದರೇನೋ ಎಂದು ನಿಂತುಬಿಡಬೇಕು. ಆ ದಿನ ಅವರ ಕೂಗಿಗೆ ನಮ್ಮ ಮನೆಯ ಕೆಳಗಿದ್ದ ಬೇಕರಿಯವನು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿಬಂದ. ಬಚ್ಚಲ ಬಾಗಿಲ ಮುಂದೆ ಕಣ್ಣು ಮುಚ್ಚಿಕೊಂಡು ನಿಂತು, "ಅಮ್ಮಾ, ಚಿಲಕ ನಾನು ತೆಗೀತೀನಿ, ಆದ್ರೆ ನಾನು ಕೆಳಗೆ ಇಳಿಯೋವರೆಗೂ ನೀವು ಹೊರಗೆ ಬರಬೇಡಿ" ಎಂದ. ಅಂದಿನಿಂದ ಅವಳು ಮರೆಗುಳಿ.

ಹಾಗೆಂದು ಅವಳೇನು ದಡ್ಡಿಯಲ್ಲ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಅವಳು ಪುಸ್ತಕವನ್ನು ನೀರು ಕುಡಿದ ಹಾಗೆ ಓದುತ್ತಿದ್ದಳು. ಆದರೆ ಮನಸ್ಸು ಎಂಬುದು ಕಟ್ಟಿಹಾಕದ ಕರುವಿನಂತೆ ಎತ್ತಲೋ ಹೋಗಿಬಿಡುತ್ತಿತ್ತು. ಬಟ್ಟೆ ಹೊಲಿಯುವ ಅಂಗಡಿಗೆ ಸೇರಿದಳು, ಒಂದೇ ಅಂಗಿಗೆ ಎರಡೂ ಬಲಗೈ ತೋಳು ಹಚ್ಚಿ ಮನೆಗೆ ಬಂದಳು. ಬಟ್ಟೆ ತೊಳೆದು ಕೊಡುವ ಅಂಗಡಿಯಲ್ಲಿ ಒಬ್ಬ ವಕೀಲರ ಕೋಟು ಒಬ್ಬ ಹೋಟೆಲ್ ಮಾಣಿಯ ಮನೆಗೂ, ಮಾಣಿಯ ಕೋಟು ವಕೀಲರ ಮನೆಗೂ ಹೋಯಿತು. ವಕೀಲರು ಅದನ್ನು ಹಾಕಿಕೊಂಡು ಕೋರ್ಟಿಗೆ ಹೋದ ಮೇಲೆಯೇ ಗೊತ್ತಾದದ್ದು. ಅಲ್ಲಿಂದಲೂ ಬಂದಳು.

ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಕೆಲಸ ಸಿಕ್ಕಿತು. ತಾತ್ಕಾಲಿಕ ಕೆಲಸ. ಅವಳ ದನಿ ಕೇಳಿಯೇ ತೆಗೆದುಕೊಂಡದ್ದು. ಆ ದನಿಯೇ ಹಾಗೆ, ಜ್ವರದ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟಂತೆ. ಒಂದು ಮಧ್ಯಾಹ್ನ ನಾನು ಅವಳು ಮರೆತುಹೋದ ಊಟದ ಡಬ್ಬಿ ಕೊಡಲು ಹೋಗಿ ಆ ಕೋಣೆ ನೋಡಿದೆ. ದೊಡ್ಡ ಮೆಟ್ಟಿಲಿನ ಕೆಳಗೆ, ಇಳಿಜಾರು ಸೂರಿನ ಪುಟ್ಟ ಕೋಣೆ. ಎದುರಿಗೆ ಕಪಾಟಿನಷ್ಟು ಎತ್ತರದ ಬೋರ್ಡು, ಅದರ ತುಂಬ ತೂತುಗಳು, ತೂತಿಗೊಂದು ಪುಟ್ಟ ದೀಪ. ಹೊರಗಿನಿಂದ ಯಾರಾದರೂ ಫೋನ್ ಮಾಡಿದರೆ ದೀಪ ಹತ್ತುತ್ತದೆ. ಇವಳು ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಮಾತಾಡಿ, ಯಾರು ಬೇಕು ಎಂದು ಕೇಳಿ, ವಯರಿನ ತುದಿಯನ್ನು ಸರಿಯಾದ ತೂತಿಗೆ ಚುಚ್ಚಬೇಕು. ಹೆರಿಗೆ ವಾರ್ಡಿಗೆ ಒಂದು ನಂಬರು, ಎಕ್ಸ್‌ರೇಗೆ ಒಂದು, ರಕ್ತದ ಬ್ಯಾಂಕಿಗೆ ಒಂದು, ಅಡುಗೆಮನೆಗೂ ಒಂದು. ನಂಬರುಗಳ ಪಟ್ಟಿ ಗೋಡೆಯ ಮೇಲೆ ತೂಗುಹಾಕಿತ್ತು. ಇವಳು ಪ್ರತಿ ಸಲವೂ ತಿರುಗಿ ಅದನ್ನು ನೋಡುತ್ತಿದ್ದಳು. ನೋಡಿ ಮುಗಿಸುವಷ್ಟರಲ್ಲಿ ಆ ಕಡೆಯವರು "ಹಲೋ, ಹಲೋ" ಎಂದು ಸುಸ್ತಾಗುತ್ತಿದ್ದರು.

ಆದರೂ ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ತಲೆ ಬಾಚಿಕೊಂಡು ಸಿದ್ಧವಾಗುತ್ತಿದ್ದಳು. ಸಂಜೆ ಬಂದು, ಯಾವ ಮುದುಕನಿಗೆ ಮೊಮ್ಮಗಳು ಹುಟ್ಟಿದ ಸುದ್ದಿ ತಾನೇ ಮುಟ್ಟಿಸಿದೆ ಎಂದು ಹೇಳುತ್ತಿದ್ದಳು.

ಒಂದು ಸಂಜೆ ಮಾತ್ರ ಬಂದವಳೇ ಅಡುಗೆಮನೆಯ ಹೊಸಿಲ ಮೇಲೆ ಕುಳಿತಳು. ಚಪ್ಪಲಿ ಕಾಲಲ್ಲೇ ಇತ್ತು.

"ಅಕ್ಕಾ, ಹಳೆ ಆಪರೇಟರು ಈ ತಿಂಗಳು ರಿಟೈರ್ ಆಗ್ತಾರೆ. ಆ ಜಾಗಕ್ಕೆ ನನ್ನನ್ನ ಕಾಯಂ ಮಾಡ್ಕೋಬಹುದಂತೆ."

"ಅಳೋ ಮುಖ ಮಾಡ್ಕೊಂಡು ಹೇಳೋ ಸುದ್ದಿನಾ ಇದು?"

"ಪೂರ್ತಿ ಕೇಳಿ. ಸೂಪರಿಂಟೆಂಡೆಂಟ್ ಮೇಡಂ ಒಂದು ಬೆಳಗ್ಗೆ ನನ್ನ ಪಕ್ಕ ಕೂರ್ತಾರಂತೆ. ಪಟ್ಟಿನ ಗೋಡೆ ಕಡೆಗೆ ತಿರುಗಿಸಿ ಹಾಕ್ತಾರೆ. ಎಲ್ಲ ನಂಬರೂ ಬಾಯಲ್ಲೇ ಇರಬೇಕು. ಆಸ್ಪತ್ರೆ ಅಲ್ವಾ, ಪಟ್ಟಿ ಹುಡುಕ್ತಾ ಕೂತ್ರೆ ಆಗಲ್ಲ ಅಂತಾರೆ. ಅವರು ಹೇಳೋದೂ ಸರಿನೇ." ಚಪ್ಪಲಿ ಕಳಚುತ್ತ ಹೇಳಿದಳು: "ಇದೂ ಹೋದ್ರೆ ನಾನು ಇನ್ನು ಯಾವ ಕೆಲಸಾನೂ ಕೇಳಲ್ಲ ಅಕ್ಕ. ಇವರೆಲ್ಲ ಇಟ್ಟ ಹೆಸರನ್ನ ಹಣೆಗೆ ಅಂಟಿಸ್ಕೊಂಡು ಮನೇಲೇ ಇದ್ದುಬಿಡ್ತೀನಿ."

ಮೈದುನ ಊಟಕ್ಕೆ ಕುಳಿತಾಗ ವಿಷಯ ಕೇಳಿ, "ಮದುವೆ ದಿನ ಪಕ್ಕದಲ್ಲಿ ಕೂತಿದ್ದೋನು ನಾನೇ ಅನ್ನೋದು ಇವಳಿಗೆ ನೆನಪಿರೋದೇ ನನ್ನ ಪುಣ್ಯ" ಎಂದ. ಅತ್ತೆ, "ಬಚ್ಚಲಲ್ಲಿ ಇರೋ ಅತ್ತೆಯೇ ನೆನಪಿರಲ್ಲ, ಆಸ್ಪತ್ರೆ ನಂಬರೆಲ್ಲ ಇರುತ್ತಾ?" ಎಂದರು. ಅವಳೂ ನಕ್ಕಳು. ಆದರೆ ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು.

ಅದಾದ ಮೇಲೆ ಒಂದು ದಿನ ಹಳೆ ಪೇಪರ್ ಅಂಗಡಿಯಿಂದ ಒಂದು ಪುಸ್ತಕ ಹಿಡಿದುಕೊಂಡು ಬಂದಳು. ರಟ್ಟು ಇಲ್ಲ, ಮೊದಲ ಹಾಳೆ ಇಲ್ಲ, ಆದ್ದರಿಂದ ಹೆಸರೂ ಇಲ್ಲ. ತನ್ನನ್ನು ತಾನೇ ಸಮ್ಮೋಹನಗೊಳಿಸಿಕೊಂಡು ನೆನಪನ್ನೂ ಗಮನವನ್ನೂ ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂದು ಅದರಲ್ಲಿತ್ತು. ಸಮ್ಮೋಹನ ಎಂದರೆ ಜಾದೂಗಾರ ಯಾರನ್ನೋ ವೇದಿಕೆಗೆ ಕರೆದು ಕೋಳಿಯಂತೆ ಕೂಗಿಸುವುದು ಎಂದೇ ನಾನು ತಿಳಿದಿದ್ದೆ.

"ಅದಲ್ಲ ಅಕ್ಕ. ಇದನ್ನ ಬೇರೆಯವರು ಮಾಡೋದಲ್ಲ. ನಮ್ಮ ಮನಸ್ಸಿಗೆ ನಾವೇ ಜೋಗುಳ ಹಾಡೋದು. ಮೈ ಮಲಗುತ್ತೆ, ಮನಸ್ಸು ಎದ್ದಿರುತ್ತೆ. ಆಗ ಹೇಳಿದ್ದು ತಳಕ್ಕೆ ಇಳಿಯುತ್ತಂತೆ."

"ಇವಳ ಮನಸ್ಸು ಎದ್ದಿರೋದನ್ನ ನಾನೂ ಒಂದ್ಸಲ ನೋಡ್ಬೇಕು" ಎಂದು ಮೈದುನ ಒಳಗಿನಿಂದಲೇ ಹೇಳಿದ.

ಕ್ರಮ ಹೀಗಿತ್ತು. ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ ಕೂರುವುದು. ಗೋಡೆಯ ಮೇಲೆ ಒಂದೇ ಚುಕ್ಕೆಯನ್ನು, ರೆಪ್ಪೆ ತಾನಾಗಿ ಭಾರವಾಗುವವರೆಗೆ ನೋಡುವುದು. ಆಮೇಲೆ ಕಾಲ್ಬೆರಳಿನಿಂದ ಹಿಡಿದು ಹಣೆಯವರೆಗೆ ಮೈಯನ್ನು ಸಡಿಲ ಬಿಡುತ್ತ ಬರುವುದು. ಮನಸ್ಸಿನಲ್ಲೇ ಒಂದು ಮೆಟ್ಟಿಲು ಇಳಿದು ಕೆಳಗಿನ ತಂಪಾದ ಕೋಣೆಗೆ ಹೋಗಿ, ಅಲ್ಲಿ ಹೆಬ್ಬೆರಳು ತೋರುಬೆರಳು ಸೇರಿಸಿ ಒತ್ತಿ, ತನಗೆ ಬೇಕಾದ ಮಾತನ್ನು ತಾನೇ ಹೇಳಿಕೊಳ್ಳುವುದು. ಮೊದಮೊದಲು ಯಾರಾದರೂ ಪಕ್ಕದಲ್ಲಿ ಓದಿದರೆ ಒಳ್ಳೆಯದು ಎಂದೂ ಬರೆದಿತ್ತು.

ಓದಲು ನಾನು ಕುಳಿತೆ. "ನಿ... ನಿಮ್ಮ... ಕಣ್... ಕಣ್ಣು" ಎಂದು ನಾನು ಅಕ್ಷರ ಕೂಡಿಸುತ್ತ ಹೋದರೆ, ಆಚೆ ಬೆತ್ತದ ಕುರ್ಚಿಯಲ್ಲಿ ರಿಪೇರಿಗೆ ಬಂದ ಗಡಿಯಾರ ಬಿಚ್ಚಿಟ್ಟುಕೊಂಡು ಕುಳಿತಿದ್ದ ನಮ್ಮ ಯಜಮಾನರು ಗೊರಕೆ ಹೊಡೆಯತೊಡಗಿದರು. ಮರೆಗುಳಿ ಮಾತ್ರ ಕಣ್ಣು ಬಿಟ್ಟುಕೊಂಡು ನನ್ನ ತಪ್ಪು ತಿದ್ದುತ್ತಿದ್ದಳು.

ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಗಂಡನ ಟೇಪ್ ರೆಕಾರ್ಡರು ತಂದು, ಅವನ ಹಾಡಿನ ಕ್ಯಾಸೆಟ್ಟಿನ ಮೇಲೆಯೇ ತನ್ನ ದನಿಯಲ್ಲಿ ಪುಸ್ತಕದ ಮಾತುಗಳನ್ನು ತುಂಬಲು ಕುಳಿತಳು. ಮಧ್ಯಾಹ್ನದ ಊಟ ಮುಗಿದು ಮನೆ ಸದ್ದಿಲ್ಲದೆ ಇದ್ದ ಹೊತ್ತು. ನಾನು ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದೆ. ಎಷ್ಟು ಚೆನ್ನಾಗಿ ಹೇಳಿದಳೆಂದರೆ, ನನಗೂ ರೆಪ್ಪೆ ಭಾರವಾಯಿತು. ಮೆಟ್ಟಿಲು ಇಳಿದಳು, ತಂಪಾದ ಕೋಣೆಗೆ ಹೋದಳು, "ನನ್ನ ಮನಸ್ಸು ಎಲ್ಲೂ ಹೋಗುವುದಿಲ್ಲ, ಕೇಳಿದ್ದು ನನ್ನಲ್ಲಿ ನಿಲ್ಲುತ್ತದೆ" ಎಂದಳು. ಹಾಳೆ ತಿರುಗಿಸಿದಳು. ಮುಂದೆ ಹಾಳೆಯೇ ಇಲ್ಲ. ಏಳುವುದು ಹೇಗೆ ಎನ್ನುವ ಭಾಗ ಯಾವ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಹೋಯಿತೋ. ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು.

ಆಗಲೇ ಅಡುಗೆಮನೆ ಕಡೆಯಿಂದ ಅತ್ತೆಯ ಕಂಠ ಬಂತು: "ಯಾರ್ರೇ ಅಲ್ಲಿ, ಹಾಲು ಉಕ್ತಾ ಇದೆ ನೋಡ್ರೇ."

ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದವಳು ಅವಳೇ. ಮರೆತಿದ್ದಳು. ನಾವಿಬ್ಬರೂ ಓಡಿದೆವು. ಟೇಪು ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

ಸಂಜೆ ಹಾಕಿ ಕೇಳಿದರೆ, ತಂಪಾದ ಕೋಣೆಯ ಹಿಂದೆಯೇ ಅತ್ತೆ. ನಾನು, "ಅದನ್ನ ಅಳಿಸಿ ಇನ್ನೊಂದ್ಸಲ ಹೇಳೇ" ಎಂದೆ. ಅವಳು ಯೋಚಿಸಿ, "ಬೇಡ ಅಕ್ಕ. ಏಳಿಸೋ ಹಾಳೆ ಹೇಗೂ ಇಲ್ಲ. ಅತ್ತೆ ಏಳಿಸಿದ್ರೆ ಏಳದವರು ಯಾರಿದ್ದಾರೆ?" ಎಂದಳು. ಅತ್ತೆಗೂ ವಿಷಯ ತಿಳಿದು, "ಇಳಿಯೋದು ಹೇಳ್ಕೊಟ್ಟು ಹತ್ತೋದು ಹೇಳ್ಕೊಡದ ಪುಸ್ತಕ ಬರೆದೋನು ನಿನ್ನ ಹತ್ತಿರದ ನೆಂಟನೇ ಇರ್ಬೇಕು" ಎಂದರು.

ಹೀಗೆ ಅಭ್ಯಾಸ ಶುರುವಾಯಿತು. ಆ ತಿಂಗಳು ಬಿದ್ದಿದ್ದ ಬೆಳಗಿನ ಪಾಳಿಯನ್ನು ಮಧ್ಯಾಹ್ನಕ್ಕೆ ಮುಗಿಸಿ ಬಂದು ಉಂಡು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಟೇಪು ಹಾಕುವಳು. ಒಳಗಿನಿಂದ ಅವಳದೇ ತಣ್ಣನೆಯ ದನಿ, ಕೊನೆಗೆ ಅತ್ತೆಯ ಕೂಗು. ಕೂಗು ಕೇಳಿದೊಡನೆ ಕಣ್ಣು ತೆರೆದು, ಬರೆದು ತಂದ ನಂಬರುಗಳನ್ನು ಓದಿಕೊಳ್ಳುವಳು. ಆಗ ತಲೆ ತೊಳೆದಿಟ್ಟ ಹಲಗೆಯ ಹಾಗಿರುತ್ತದೆ, ಬರೆದದ್ದು ಬರೆದಂತೆ ನಿಲ್ಲುತ್ತದೆ ಎನ್ನುತ್ತಿದ್ದಳು.

ನಿಂತಿತು ಕೂಡ. ಅಡುಗೆಮನೆಯಲ್ಲಿ ನಾನು ಸೌಟನ್ನು ಕಿವಿಗಿಟ್ಟುಕೊಂಡು, "ಹಲೋ, ಎಕ್ಸ್‌ರೇ ಕೊಡಿ" ಎಂದರೆ, ತರಕಾರಿ ಹೆಚ್ಚುತ್ತಲೇ "ಹದಿನೇಳು" ಎನ್ನುವಳು. ಹೆರಿಗೆ ವಾರ್ಡು? ಇಪ್ಪತ್ನಾಲ್ಕು. ರಕ್ತದ ಬ್ಯಾಂಕು? ನಲವತ್ತೆರಡು. ಅತ್ತೆ ನಡುವೆ ಹಾದುಹೋಗುತ್ತ ಏನಾದರೊಂದು ಗದರುತ್ತಲೇ ಇರುತ್ತಿದ್ದರು, ಅದೇನೂ ಅವಳಿಗೆ ಅಡ್ಡಿಯಾಗಲಿಲ್ಲ. ಮೈದುನ ಕೂಡ ಕೀಟಲೆ ನಿಲ್ಲಿಸಿ ಪ್ರಶ್ನೆ ಕೇಳಲು ಬಂದು ಕೂರತೊಡಗಿದ. "ಅತ್ತಿಗೆ, ಇವಳು ನನ್ನ ಹೆಂಡತಿ ತಾನೇ? ಯಾರೋ ಬದಲಾಯಿಸಿ ಹೋಗಿಲ್ಲ ತಾನೇ?" ಎಂದು ನನ್ನನ್ನು ಕೇಳಿದ.

ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಅತ್ತೆ ತಮ್ಮ ಮಗಳ ಮನೆಗೆ ಹೋದರು. ಅದೇ ದಿನ ಟೇಪ್ ರೆಕಾರ್ಡರು ಕೆಟ್ಟು, ಮೈದುನ ಅದನ್ನು ರಿಪೇರಿಗೆ ಒಯ್ದ. ಮನೆ ತೆಪ್ಪಗಾಯಿತು. ನಾನು ಸೌಟು ಹಿಡಿದು "ಎಕ್ಸ್‌ರೇ" ಎಂದೆ. ಅವಳು ಬಾಯಿ ತೆರೆದಳು, ಹಾಗೇ ಮುಚ್ಚಿದಳು. "ನಾಲಿಗೆ ತುದೀಲಿದೆ ಅಕ್ಕ." ಹೆರಿಗೆ ವಾರ್ಡು ಎಂದೆ. ಅದೂ ನಾಲಿಗೆಯ ತುದಿಯಲ್ಲೇ ಕುಳಿತಿತ್ತು, ಇಳಿಯಲಿಲ್ಲ. ಮರುದಿನವೂ ಅದೇ ಪಾಡು. ಅವಳ ಮುಖ ಬಾಡಿಹೋಯಿತು. "ನಾನು ಮರೆಗುಳಿನೇ ಅಕ್ಕ. ಆ ಹೆಸರು ಇಟ್ಟವರು ಸರಿಯಾಗೇ ಇಟ್ರು" ಎಂದಳು. ಕೆಲಸಕ್ಕೆ ಹೋಗುವಾಗ ತಲೆ ಬಾಚಿಕೊಳ್ಳುವುದನ್ನೂ ಮರೆತಳು.

ಅತ್ತೆ ಮಗಳ ಮನೆಯಲ್ಲಿ ಯಾವತ್ತೂ ಹೆಚ್ಚು ದಿನ ಇದ್ದವರಲ್ಲ. ಮೆಟ್ಟಿಲ ಮೇಲೆ ಇನ್ನೂ ಅರ್ಧ ದಾರಿಯಲ್ಲಿ ಇರುವಾಗಲೇ, "ಯಾರ್ರೇ ಅಲ್ಲಿ, ಈ ಚೀಲ ಇಸ್ಕೊಳ್ಳಿ" ಎಂದರು. ನನ್ನ ಪಕ್ಕದಲ್ಲಿ ಪಾತ್ರೆ ಒರೆಸುತ್ತಿದ್ದವಳು ಇದ್ದಕ್ಕಿದ್ದಂತೆ, "ಹದಿನೇಳು" ಎಂದಳು. ಆಮೇಲೆ, "ಇಪ್ಪತ್ನಾಲ್ಕು. ನಲವತ್ತೆರಡು." ಪಾತ್ರೆ ಹಿಡಿದ ಕೈ ಅಲ್ಲೇ ನಿಂತಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ನಂಬರುಗಳೆಲ್ಲ ಅತ್ತೆಯ ಕಂಠಕ್ಕೆ ಗಂಟುಬಿದ್ದಿದ್ದವು.

ನಕ್ಕು ನಕ್ಕು ಸುಸ್ತಾದ ಮೇಲೆ ಭಯವಾಯಿತು. ಮೆಟ್ಟಿಲ ಕೆಳಗಿನ ಆ ಕೋಣೆಗೆ ಅತ್ತೆಯನ್ನು ಕರೆದೊಯ್ದು ಕೂರಿಸುವುದು ಹೇಗೆ? ಮೇಡಂ ಪಕ್ಕದಲ್ಲೇ ಇರುತ್ತಾರೆ. ಹೊಸ ಟೇಪು ಮಾಡಿ ಮತ್ತೆ ಮೊದಲಿನಿಂದ ಕಲಿಯಲು ಹೊತ್ತಿಲ್ಲ. ನಮ್ಮ ಯಜಮಾನರು ಮಾತು ಕಡಿಮೆಯವರು. ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ, "ಅವಳು ಕೂತಿರೋದು ಫೋನಿನ ಮುಂದೆ ಅಲ್ವಾ? ಅಮ್ಮ ಫೋನ್ ಮಾಡ್ಲಿ" ಎಂದರು.

ಇಷ್ಟು ಸುಲಭದ ಮಾತು ನಮಗೆ ಹೊಳೆದಿರಲಿಲ್ಲ. ಆದರೆ ಅತ್ತೆ ಒಪ್ಪಬೇಕಲ್ಲ.

"ಆಸ್ಪತ್ರೆಗೆ ಫೋನ್ ಮಾಡಿ, ಉಕ್ಕದೇ ಇರೋ ಹಾಲನ್ನ ಉಕ್ತಾ ಇದೆ ಅಂತ ಹೇಳ್ಬೇಕಾ? ನಾನು ಹುಟ್ಟಿದಾಗಿನಿಂದ ಸುಳ್ಳಾಡಿದವಳಲ್ಲ. ಈ ವಯಸ್ಸಲ್ಲಿ ಹಾಲಿನ ವಿಷಯದಲ್ಲಿ ಸುಳ್ಳು ಶುರು ಮಾಡಲಾ?"

"ಹಾಗಾದ್ರೆ ನಿಜವಾಗ್ಲೂ ಉಕ್ಕಿಸಿದ್ರೆ ಹೇಳ್ತೀರಾ ಅತ್ತೆ?" ಎಂದೆ.

ಅವರು ನನ್ನನ್ನೂ ಮರೆಗುಳಿಯನ್ನೂ ನೋಡಿದರು. ಅವಳು ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ಅತ್ತೆಯ ದನಿ ಇಳಿಯಿತು. "ಉಕ್ಕಿದ್ರೆ ಹೇಳದೇ ಇರೋಕಾಗುತ್ತಾ" ಎಂದರು.

ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಕೆಳಗಿನ ಬೇಕರಿಯಲ್ಲಿತ್ತು. ಆ ಬೆಳಗ್ಗೆ ಮರೆಗುಳಿ ಅತ್ತೆಯ ಕಾಲು ಮುಟ್ಟಿ ಹೋದ ಮೇಲೆ ನಾವು ಬೇಕರಿಗೆ ಇಳಿದೆವು. ಬೇಕರಿಯವನಿಗೆ ವಿಷಯ ತಿಳಿಸಿದಾಗ ಅವನು, "ಆವತ್ತು ಚಿಲಕ ತೆಗೆದವನು ನಾನು, ಈವತ್ತು ಲೈನೂ ನಾನೇ ಕೊಡ್ತೀನಿ" ಎಂದು ಕೈ ಒರೆಸಿಕೊಂಡ. ಒಲೆ ಒಳಗೆ, ಫೋನು ಮುಂದಿನ ಗಲ್ಲಾಪೆಟ್ಟಿಗೆಯ ಮೇಲೆ. ನಾನು ಹಾಲಿನ ಪಾತ್ರೆಯ ಮುಂದೆ, ಅತ್ತೆ ಇಬ್ಬರನ್ನೂ ನೋಡುವಂತೆ ನಡುಬಾಗಿಲಲ್ಲಿ. ಮರೆಗುಳಿ ಕೆಲಸಕ್ಕೆ ಕೂರುವ ಹೊತ್ತು ಕಳೆದು ಸ್ವಲ್ಪಕ್ಕೇ ಬೇಕರಿಯವನು ನಂಬರು ತಿರುಗಿಸಿದ. ಲೈನು ಬಿಜಿ. ಹಾಲು ಅಂಚಿಗೆ ಬಂತು, ನಾನು ಉರಿ ತಗ್ಗಿಸಿದೆ. ಮತ್ತೆ ತಿರುಗಿಸಿದ, ಮತ್ತೆ ಬಿಜಿ. ಏರಿಸಿದ ಉರಿಯನ್ನು ಮತ್ತೆ ತಗ್ಗಿಸಿದೆ. ಬ್ರೆಡ್ಡು ಕೊಳ್ಳಲು ಬಂದವರೆಲ್ಲ ಕೊಳ್ಳುವುದನ್ನು ಬಿಟ್ಟು ಹಾಲನ್ನೇ ನೋಡತೊಡಗಿದರು.

"ನಿನ್ನ ಹಾಲಿಗೂ ಅವನ ಲೈನಿಗೂ ಜಾತಕ ಕೂಡ್ತಿಲ್ಲ" ಎಂದರು ಅತ್ತೆ.

"ರಿಂಗ್ ಆಗ್ತಾ ಇದೆ" ಎಂದ ಬೇಕರಿಯವನು.

ನಾನು ಉರಿಯನ್ನು ಪೂರ್ತಿ ಏರಿಸಿದೆ. ಹಾಲು ಎದ್ದಿತು, ಅಂಚು ಮುಟ್ಟಿತು, ಹೊರಗೆ ಚೆಲ್ಲಿತು. ಅತ್ತೆ ಫೋನನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದರು. ಆ ಕಂಠಕ್ಕೆ ಅದರಿಂದೇನೂ ತೊಂದರೆಯಾಗಲಿಲ್ಲ.

ಆ ಕಡೆ ನಡೆದದ್ದನ್ನು ಅವಳೇ ಮಧ್ಯಾಹ್ನ ಬಂದು ಹೇಳಿದಳು. ಮೇಡಂ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರಂತೆ. ಪಟ್ಟಿಯ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲು ಫೋನ್ ಮಾಡಿದವರು ಎಕ್ಸ್‌ರೇ ಕೇಳಿದರು. ಇವಳ ಕೈಯಲ್ಲಿ ವಯರು, ಎದುರಿಗೆ ತೂತುಗಳು, ತಲೆಯಲ್ಲಿ ಏನೂ ಇಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಒತ್ತಿದಳು, ಮೆಟ್ಟಿಲು ಇಳಿಯಲು ನೋಡಿದಳು, ಮೇಡಂ ಕೆಮ್ಮಿದರು, ಮೆಟ್ಟಿಲೇ ಮಾಯವಾಯಿತು. ಆ ಕಡೆಯವರು ಬೇಸತ್ತು ಫೋನಿಟ್ಟರು. ಇನ್ನೊಬ್ಬರು ಹೆರಿಗೆ ವಾರ್ಡು ಕೇಳಿದರು. "ದಯವಿಟ್ಟು ಲೈನಲ್ಲಿರಿ" ಎಂದಳು, ಅವರು ಲೈನಲ್ಲೇ ಉಳಿದರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಆಗ ಹೊಸದೊಂದು ದೀಪ ಹತ್ತಿತು.

"ನಮಸ್ಕಾರ, ಆಸ್ಪತ್ರೆ" ಎಂದಳು.

"ಯಾರ್ರೇ ಅಲ್ಲಿ, ಹಾಲು ಉಕ್ತಾ ಇದೆ ನೋಡ್ರೇ."

ಮೇಡಂ ಕುರ್ಚಿಯಲ್ಲೇ ಬೆಚ್ಚಿದರಂತೆ. ಕಿವಿಯ ಯಂತ್ರದಿಂದ ಹೊರಗೆ ಬಂದು ಆ ಕೋಣೆಯ ಸೂರಿಗೆ ತಾಗಿ ಬಂತಂತೆ ಆ ದನಿ. ಮರೆಗುಳಿ ಮಾತ್ರ ಕಣ್ಣು ಮಿಟುಕಿಸಲಿಲ್ಲ. "ಅಡುಗೆಮನೆಗೆ ಕೊಡ್ತೀನಿ, ಲೈನಲ್ಲಿರಿ" ಎಂದು ತಣ್ಣಗೆ ಹೇಳಿ, ಮೂವತ್ತೆಂಟಕ್ಕೆ ವಯರು ಚುಚ್ಚಿದಳು. ಆ ಕೈಯಲ್ಲೇ ಕಾಯುತ್ತಿದ್ದವರಿಗೆ ಇಪ್ಪತ್ನಾಲ್ಕು ಕೊಟ್ಟಳು. ಅಲ್ಲಿಂದ ಮುಂದೆ ಯಾರು ಏನು ಕೇಳಿದರೂ ನಂಬರು ತಾನಾಗಿ ಬೆರಳಿಗೆ ಬಂದು ನಿಂತಿತು. ಮೊದಲು ಬೇಸತ್ತಿದ್ದವರು ಮತ್ತೆ ಫೋನ್ ಮಾಡಿದಾಗ, ಅವರು ಹಲೋ ಎಂದೊಡನೆಯೇ ದನಿ ಗುರುತು ಹಿಡಿದು, "ಎಕ್ಸ್‌ರೇ ಅಲ್ವಾ, ಕೊಟ್ಟೆ" ಎಂದಳು.

ಅಡುಗೆಮನೆಯಲ್ಲಿ ಏನಾಯಿತೆಂದರೆ, ಫೋನೆತ್ತಿದ ಆಸ್ಪತ್ರೆಯ ಅಡುಗೆಯವನು, ಅತ್ತೆ ಮತ್ತೊಮ್ಮೆ ಕೂಗಿದ ಕೂಗಿಗೆ ಹೆದರಿ, ಯಾವ ಪಾತ್ರೆ ಎಂದೂ ಕೇಳದೆ, ಒಲೆಯ ಮೇಲಿದ್ದ ಹಾಲನ್ನೆಲ್ಲ ಇಳಿಸಿಬಿಟ್ಟ. ಆ ದಿನ ರೋಗಿಗಳಿಗೆಲ್ಲ ಬೆಚ್ಚನೆಯ ಹಾಲು ಸಿಗುವಾಗ ತಡವಾಯಿತಂತೆ.

ಮಧ್ಯಾಹ್ನ ಮೇಡಂ ಪೆನ್ನಿನ ಮುಚ್ಚಳ ಹಾಕಿ ಕೇಳಿದರು: "ಆ ಹಾಲಿನವರು ಯಾರು?"

ಇವಳಿಗೆ ಸುಳ್ಳು ಹೊಳೆಯಲಿಲ್ಲ. "ನಮ್ಮತ್ತೆ" ಎಂದಳು. ಪುಸ್ತಕದಿಂದ ಹಿಡಿದು ಬೇಕರಿಯವರೆಗೆ ಎಲ್ಲವನ್ನೂ ಹೇಳಿದಳು. ಮೇಡಂ ಮುಖ ಬಿಗಿಹಿಡಿದು ಕೇಳಿದರಂತೆ, ಆದರೆ ಭುಜ ಕುಲುಕುತ್ತಿತ್ತಂತೆ. "ಅಂಥ ದನಿ ಕಿವೀಲಿ ಬಿದ್ರೂ ಕೈ ನಡುಗದೇ ಇರೋರು ಈ ಕುರ್ಚಿಗೆ ಬೇಕು. ನಾಳೆಯಿಂದ ಪಟ್ಟಿ ಬೇಡ. ಆದರೆ ನಿಮ್ಮತ್ತೆಗೆ ಹೇಳಿ, ಡ್ಯೂಟಿ ಹೊತ್ತಲ್ಲಿ ಮನೆ ಫೋನು ಬರಬಾರದು."

ಕಾಯಂ ಆಯಿತು. ಆ ರಾತ್ರಿ ಅತ್ತೆ ಅವಳ ತಟ್ಟೆಗೆ ತಾವೇ ಬಡಿಸಿದರು. "ನೋಡು, ಮರೆಗುಳಿ ಅಂತ ನಾನು ಸುಮ್ನೆ ಕರೀತಿದ್ದೆ" ಎಂದರು. ಮರುದಿನ ಅವಳು ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದಾಗ ಹೆಸರು ಮತ್ತೆ ಊರ್ಜಿತವಾಯಿತು.

ಫೋನು ಬರಬಾರದು ಎಂದ ಮೇಲೆ ಅವಳು ಏನು ಮಾಡಿದಳು ಎಂದು ನೀವು ಕೇಳಬಹುದು. ರಿಪೇರಿಯಾಗಿ ಬಂದ ಟೇಪಿನಲ್ಲೇ ಅಭ್ಯಾಸ ಮುಂದುವರಿಸಿದಳು. ಬರಬರುತ್ತ ಟೇಪೂ ಬೇಡವಾಯಿತು. ಬೋರ್ಡಿನ ಮುಂದೆ ಕುಳಿತು, ಬೆರಳು ಬೆರಳು ಸೇರಿಸಿ, ಒಂದು ಉಸಿರು ಬಿಟ್ಟರೆ ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರಂತೆ. ತನ್ನನ್ನು ತಾನೇ ಸಮ್ಮೋಹನಗೊಳಿಸಿಕೊಳ್ಳುವುದು ಎಂದರೆ ಕೊನೆಗೆ ಇದೇ ಅಂತೆ. ಆ ಕುರ್ಚಿಯಿಂದಲೇ ಅವಳು ರಿಟೈರಾದಳು.

ಅತ್ತೆ ಈಗಿಲ್ಲ. ನಮ್ಮ ಯಜಮಾನರೂ ಇಲ್ಲ. ಟೇಪು ಜಗ್ಗಿ ಜಗ್ಗಿ, ಅದರಲ್ಲಿ ಅತ್ತೆಯ ದನಿ ಗಂಡಸಿನ ದನಿಯಂತಾಗಿದೆ. ಮೊನ್ನೆ ನನ್ನ ಕನ್ನಡಕ ಎಲ್ಲಿಟ್ಟೆ ಎಂದು ನಾನು ಮನೆಯೆಲ್ಲ ಜಾಲಾಡುತ್ತಿದ್ದಾಗ ಮರೆಗುಳಿ ನನ್ನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಕಣ್ಣು ಮುಚ್ಚಿ ಅಕ್ಕ. ಕಾಲು ಸಡಿಲ ಬಿಡಿ. ಮೆಟ್ಟಿಲು ಇಳೀರಿ." ಪಕ್ಕದಲ್ಲಿ ತಾನೂ ಕಣ್ಣು ಮುಚ್ಚಿ ಕುಳಿತಳು. ನಾನು ಇಳಿದೆ. ಕೆಳಗೆ ನಿಜವಾಗಿಯೂ ತಂಪಾಗಿತ್ತು. ಕನ್ನಡಕ ತರಕಾರಿ ಬುಟ್ಟಿಯಲ್ಲಿ ಈರುಳ್ಳಿಯ ಮೇಲೆ ಇಟ್ಟದ್ದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅದರ ಹಿಂದೆಯೇ ಅತ್ತೆಯ ದನಿ, ಹಾಲು ಉಕ್ತಾ ಇದೆ ನೋಡ್ರೇ ಎಂದು, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ.

"ನಿಮಗೂ ಕೇಳಿಸ್ತಾ?" ಎಂದಳು ಅವಳು.

ಕೇಳಿಸಿತು ಎಂದೆ. ಇಬ್ಬರೂ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದೆವು. ಒಲೆಯ ಮೇಲಿನ ಹಾಲು ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆಯೇ ಎದ್ದು ಓಡಿದ್ದು.